ಮೆಣಸಪ್ಪನ ಮುದ್ದೆ

ನಾಯಿ ಸಾಕುವ ಮೊದಲು ನನಗೆ ಟೆರಿಯರ್ ಅಂದರೆ ಕಣ್ಣಮುಂದೆ ಬರುತ್ತಿದ್ದುದು ಒಂದೇ ಚಿತ್ರ. ನೆತ್ತಿಯ ಮೇಲೆ ರಿಬ್ಬನ್ನು, ಯಾರದೋ ಕಂಕುಳಲ್ಲಿ ಠಿಕಾಣಿ, ದಾರಿಯಲ್ಲಿ ಹೋಗುವವರಿಗೆಲ್ಲ ಬೈಗುಳ. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದಾಗ ಎದುರು ಮನೆಯವರ ಯಾರ್ಕ್‌ಷೈರ್ ಟೆರಿಯರ್ ನನಗೆ ದಿನಾ ಬೆಳಿಗ್ಗೆ ಹಾಗೆ ಬೈದು ಆಫೀಸಿಗೆ ಕಳಿಸುತ್ತಿತ್ತು. ಆದ್ದರಿಂದ 2021ರ ಬೇಸಿಗೆಯಲ್ಲಿ ಮಗಳು ಟೆರಿಯರ್ ಬೇಕು ಎಂದು ಹಟ ಹಿಡಿದಾಗ ನಾನು, "ಬೇರೆ ಯಾವ ನಾಯಿ ಬೇಕಾದರೂ ಆಗಬಹುದು, ಅದೊಂದು ಬೇಡ" ಅಂದೆ. ನಾವಿರುವುದು ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕ್ಯಾಸಲ್‌ನಲ್ಲಿ. ಒಬ್ಬಳೇ ಮಗಳು, ಏಳು ವರ್ಷ. ಕೋವಿಡ್ ಕಾಲವನ್ನು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡೇ ಕಳೆದಿದ್ದಳು. ಕಿಟಕಿಯಾಚೆ ದಿನಾ ಹೋಗುತ್ತಿದ್ದ ಒಬ್ಬ ಮುದುಕರ ಜೊತೆಯಲ್ಲಿ ಒಂದು ಕಂದು ನಾಯಿ ಇತ್ತು. ರಿಬ್ಬನ್ ಇಲ್ಲ, ಬೈಗುಳ ಇಲ್ಲ, ತೆಂಗಿನ ನಾರು ಮೆತ್ತಿದ ಹಾಗೆ ಒರಟು ಕೂದಲು, ಯಾವುದೋ ಲೆಕ್ಕ ತಪ್ಪಿದವರ ಹಾಗೆ ಗಂಭೀರವಾದ ಮುಖ. ಅದೂ ಟೆರಿಯರ್ರೇ ಎಂದು ಮಗಳು ಹೇಳಿದಾಗ ನಾನು ನಂಬಲಿಲ್ಲ. ಬಾರ್ಡರ್ ಟೆರಿಯರ್. ಇಂಗ್ಲೆಂಡು ಮತ್ತು ಸ್ಕಾಟ್ಲೆಂಡಿನ ಗಡಿಸೀಮೆಯದು, ಅಂದರೆ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯ ಸೀಮೆಯದು.

ಇಲ್ಲಿ 2020ರಿಂದ ಒಂದು ಕಾನೂನು ಬಂದಿದೆ. ಅಂಗಡಿಯವರು, ದಲ್ಲಾಳಿಗಳು ಆರು ತಿಂಗಳೊಳಗಿನ ಮರಿಯನ್ನು ಮಾರುವಂತಿಲ್ಲ. ಮರಿ ಹುಟ್ಟಿದ ಮನೆಗೇ ಹೋಗಿ, ತಾಯಿಯ ಜೊತೆಯಲ್ಲೇ ನೋಡಿ ತರಬೇಕು. ಹಾಗಾಗಿ ನಾವು ಮೂವರೂ ಒಂದು ಭಾನುವಾರ ಕೋಕೆಟ್ ನದಿಯ ಕಣಿವೆಯ ರಾತ್‌ಬರಿ ಊರಿನ ಆಚೆ ಒಂದು ತೋಟದ ಮನೆಗೆ ಹೋದೆವು. ಹೆಣ್ಣು ನೋಡಲು ಹೋದವರ ಗತ್ತಿನಲ್ಲೇ ಹೋಗಿದ್ದೆವು. ಆದರೆ ಅಲ್ಲಿ ಪರೀಕ್ಷೆ ನಡೆದದ್ದು ನಮಗೆ. ಎಪ್ಪತ್ತು ದಾಟಿದ ಆ ಹೆಂಗಸು, ಮನೆಯಲ್ಲಿ ಯಾರು ಎಷ್ಟು ಹೊತ್ತು ಇರುತ್ತೀರಿ, ಬೇಲಿ ಎಷ್ಟು ಎತ್ತರ, ಅದಕ್ಕಿಂತ ಮುಖ್ಯವಾಗಿ ಬೇಲಿ ನೆಲದೊಳಗೆ ಎಷ್ಟು ಆಳ ಇದೆ, ಮೊಲ ಸಾಕಿದ್ದೀರಾ, ಹೂಗಿಡದ ಮೇಲೆ ಬಹಳ ಪ್ರೀತಿಯೇ ಎಂದೆಲ್ಲ ಕೇಳಿದರು. ಕೊನೆಯ ಪ್ರಶ್ನೆಗೆ ನಾನು ಹೌದು ಅಂದೆ. "ಪ್ರೀತಿ ಕಡಿಮೆ ಮಾಡಿಕೊಳ್ಳಿ" ಅಂದರು.

ಆಮೇಲೆ ತಾಯಿ ನಾಯಿಯನ್ನು ಕರೆದು ಒಂದು ವಿದ್ಯೆ ತೋರಿಸಿದರು. ಮುಂಗಾಲುಗಳ ಹಿಂದೆ, ಎದೆಯ ಸುತ್ತ ಎರಡೂ ಕೈ ಹಾಕಿ ಹಿಡಿದರು. ಎರಡು ಕೈಯ ಬೆರಳುಗಳು ಒಂದಕ್ಕೊಂದು ತಾಕಿದವು. ಬಾರ್ಡರ್ ಟೆರಿಯರ್ ಹೀಗೆ ಎರಡು ಕೈಯ ಅಳತೆಗೆ ಸಿಗಬೇಕು ಎಂಬುದು ಈ ತಳಿಯ ಲಕ್ಷಣಗಳಲ್ಲೇ ಬರೆದಿರುವ ಮಾತು. ಕಾರಣ ಸೌಂದರ್ಯವಲ್ಲ, ಬಿಲ. ನರಿ ನುಸುಳಿದ ಬಿಲದೊಳಗೆ ಇದೂ ನುಸುಳಬೇಕು. ಟೆರಿಯರ್ ಎಂಬ ಹೆಸರಿನಲ್ಲೇ ಮಣ್ಣಿದೆ. ಭೂಮಿ ಎಂಬರ್ಥದ ಲ್ಯಾಟಿನ್ ಮಾತಿನಿಂದ ಫ್ರೆಂಚಿನ ಮೂಲಕ ಬಂದದ್ದು. ನಮ್ಮ ಮುಧೋಳದ ನಾಯಿ ಕಣ್ಣಿಗೆ ಕಂಡ ಬೇಟೆಯನ್ನು ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗುವ ಜಾತಿ, ಇದು ಕಣ್ಣಿಗೆ ಕಾಣದ್ದನ್ನು ನೆಲದೊಳಗೆ ಹುಡುಕಿಕೊಂಡು ಹೋಗುವ ಜಾತಿ. ಚೆವಿಯಟ್ ಗುಡ್ಡಗಳ ಕುರಿ ಸಾಕುವ ರೈತರಿಗೆ ನರಿಯ ಕಾಟ. ದೊಡ್ಡ ಬೇಟೆನಾಯಿಗಳು ಓಡಿಸಿಕೊಂಡು ಬಂದ ನರಿ ಬಿಲ ಸೇರಿತೆಂದರೆ ಅದನ್ನು ಹೊರಗೆ ಎಬ್ಬಿಸಲು ಒಂದು ಸಣ್ಣ ನಾಯಿ ಬೇಕು. ಆ ಸಣ್ಣ ನಾಯಿ ಅಲ್ಲಿಯ ತನಕ ಕುದುರೆಯ ಹಿಂದೆ ಓಡಿ ಬಂದಿರಬೇಕು. ಅಂದರೆ ದೇಹ ಕಿರಿದು, ಕಾಲು ಸ್ವಲ್ಪ ಉದ್ದ, ಚರ್ಮ ದಪ್ಪ ಮತ್ತು ಸಡಿಲ. ತಲೆ ನೀರುನಾಯಿಯ ತಲೆಯ ಹಾಗೆ. ಗಂಡು ಏಳು ಕಿಲೋ ದಾಟಿದರೆ ಬೊಜ್ಜು ಎಂದೇ ಲೆಕ್ಕ. ಹಿಂದೆ ಇದೇ ಕಣಿವೆಯ ಹೆಸರಿನಲ್ಲಿ ಕೋಕೆಟ್‌ಡೇಲ್ ಟೆರಿಯರ್ ಎಂದೂ ಕರೆಯುತ್ತಿದ್ದರಂತೆ. ಲಂಡನ್ನಿನ ಕೆನಲ್ ಕ್ಲಬ್ ಇದನ್ನೊಂದು ತಳಿ ಎಂದು ಒಪ್ಪಿಕೊಂಡದ್ದು 1920ರಲ್ಲಿ. ಕುರುಬರು, ರೈತರು ಅದಕ್ಕೆ ಕಾದು ಕೂತಿರಲಿಲ್ಲ.

ನಾಯಿಯನ್ನು ಬಿಟ್ಟು ನರಿಯನ್ನು ಬೇಟೆಯಾಡುವುದನ್ನು ಇಂಗ್ಲೆಂಡಿನಲ್ಲಿ ನಿಷೇಧಿಸುವ ಕಾನೂನು 2004ರಲ್ಲಿ ಆಯಿತು, ಮರುವರ್ಷ ಜಾರಿಗೆ ಬಂತು. ಅಲ್ಲಿಗೆ ಈ ನಾಯಿಯ ಕುಲಕಸುಬು ಹೋಯಿತು. ಕಸುಬು ಹೋದರೂ ಕೈ ಸುಮ್ಮನಿರುವುದಿಲ್ಲವಲ್ಲ. ಹೊರಡುವಾಗ ಆ ಹೆಂಗಸು ನಾಲ್ಕು ಪುಟಗಳ ಒಂದು ಟೈಪು ಮಾಡಿದ ಕಾಗದ ಕೊಟ್ಟರು. ಏನು ತಿನ್ನಿಸಬೇಕು, ಏನು ಕೂಡದು, ಯಾವ ಕಾಯಿಲೆ ಈ ತಳಿಗೆ ಬರಬಹುದು. "ಏನೇ ವಿಚಿತ್ರ ಕಂಡರೂ ನನಗೊಂದು ಫೋನ್ ಮಾಡಿ" ಅಂದರು. ನಾನು ಮೊದಲ ಪುಟ ಓದಿ, ಉಳಿದದ್ದನ್ನು ಗ್ಯಾಸಿನ ಬಿಲ್ಲುಗಳ ಫೈಲಿನಲ್ಲಿ ಇಟ್ಟೆ. ಆ ಕಾಗದದ ಮಾತು ಮುಂದೆ ಬರುತ್ತದೆ.

ಹೆಸರಿಗೆ ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ವಾಲ್ಟರ್ ಸ್ಕಾಟ್ 1815ರಲ್ಲಿ ಬರೆದ 'ಗೈ ಮ್ಯಾನರಿಂಗ್' ಕಾದಂಬರಿಯಲ್ಲಿ ಇದೇ ಗಡಿಸೀಮೆಯ ಒಬ್ಬ ರೈತನಿದ್ದಾನೆ, ಡ್ಯಾಂಡಿ ಡಿನ್‌ಮಾಂಟ್. ಅವನ ಆರು ಟೆರಿಯರ್‌ಗಳಿಗೆ ಇರುವುದು ಎರಡೇ ಹೆಸರು: ಪೆಪ್ಪರ್ ಮತ್ತು ಮಸ್ಟರ್ಡ್. ಹಳೇ ಪೆಪ್ಪರ್, ಚಿಕ್ಕ ಪೆಪ್ಪರ್, ಪುಟ್ಟ ಪೆಪ್ಪರ್, ಹಾಗೆಯೇ ಸಾಸಿವೆಯ ಮೂವರು. ಕಾದಂಬರಿ ಎಷ್ಟು ಜನಪ್ರಿಯವಾಯಿತೆಂದರೆ ಅಂಥ ನಾಯಿಗಳ ತಳಿಗೇ ಆ ಪಾತ್ರದ ಹೆಸರು ಅಂಟಿಕೊಂಡಿತು. ಕಾದಂಬರಿಯ ಪಾತ್ರದಿಂದ ಹೆಸರು ಪಡೆದ ನಾಯಿ ತಳಿ ಇನ್ನೊಂದನ್ನು ನಾನು ಕೇಳಿಲ್ಲ. ನಮ್ಮದು ಡ್ಯಾಂಡಿ ಡಿನ್‌ಮಾಂಟ್ ಅಲ್ಲ, ಪಕ್ಕದ ಮನೆಯ ದಾಯಾದಿ. ಆದರೂ ಕನ್ನಡ ಎಂ.ಎ. ಮಾಡಿ ಈ ದೇಶಕ್ಕೆ ಬಂದು ಲೆಕ್ಕಪತ್ರದ ಕೆಲಸ ಮಾಡುವ ನನಗೆ ಮನೆಯಲ್ಲೊಂದು ಸಾಹಿತ್ಯದ ಕುರುಹು ಇರಲಿ ಅನ್ನಿಸಿತು. ಪೆಪ್ಪರ್ ಎಂದು ಇಟ್ಟೆವು.

ಮೊದಲ ಎರಡು ವರ್ಷಗಳ ವರದಿ ಹೀಗಿದೆ. ಗುಲಾಬಿ ಗಿಡ ನಾಲ್ಕು ಹೋದವು. ಅಳಿಲು ಕಂಡರೆ ಪೆಪ್ಪರ್ ಕಿವುಡ. ಅಳಿಲು ಮರ ಹತ್ತಿದ ಮೇಲೆ ಕಿವಿ ತಾನಾಗಿ ಸರಿಹೋಗುತ್ತದೆ. ಕೀ ಎನ್ನುವ ಆಟಿಕೆ ಯಾವುದು ತಂದರೂ ಹತ್ತು ನಿಮಿಷದಲ್ಲಿ ಅದರ ಹೊಟ್ಟೆ ಬಗೆದು ಕೀ ಎನ್ನುವ ಭಾಗವನ್ನು ನನ್ನ ಪಾದದ ಬಳಿ ತಂದಿಡುತ್ತಾನೆ, ಕೆಲಸ ಮುಗಿಯಿತು ಎಂಬ ಹಾಗೆ. ಕೂದಲು ಕತ್ತರಿಸಬಾರದು, ಕತ್ತರಿಸಿದರೆ ಮಳೆ ತಡೆಯುವ ಆ ಒರಟುತನ ಹೋಗಿ ಮೆತ್ತಗಾಗುತ್ತದೆ. ವರ್ಷಕ್ಕೆರಡು ಸಲ, ಸತ್ತ ಕೂದಲನ್ನು ಕೈಬೆರಳಿನಿಂದ ಎಳೆ ಎಳೆಯಾಗಿ ಕೀಳಬೇಕು. ಕಿತ್ತರೆ ನೋಯುವುದಿಲ್ಲ, ಸೊಪ್ಪು ಬಿಡಿಸಿದ ಹಾಗೆ ಸಲೀಸಾಗಿ ಬರುತ್ತದೆ. ಆದರೂ ಕೀಳುವಷ್ಟು ಹೊತ್ತೂ ಅವನು ನಮ್ಮನ್ನು ನೋಡುವ ನೋಟವನ್ನು ತಡೆದುಕೊಳ್ಳಲು ಗಟ್ಟಿ ಗುಂಡಿಗೆ ಬೇಕು. ಬೊಗಳುವುದು ಕಡಿಮೆ. ಕಲಿಯುವುದು ಬೇಗ, ಪಾಲಿಸುವುದು ತನಗೂ ಅದೇ ಸರಿ ಅನ್ನಿಸಿದರೆ ಮಾತ್ರ. ಇದನ್ನು ಮೊಂಡುತನ ಅಂತ ಪುಸ್ತಕಗಳು ಬರೆಯುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಬಿಲದೊಳಗೆ, ಕತ್ತಲಲ್ಲಿ, ಯಜಮಾನನ ಕೂಗು ಕೇಳದ ಜಾಗದಲ್ಲಿ ಏನು ಮಾಡಬೇಕೆಂದು ತಾನೇ ತೀರ್ಮಾನಿಸಬೇಕಾದ ನಾಯಿಯನ್ನು ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿ, ಈಗ ಹೇಳಿದ ಮಾತು ಕೇಳುವುದಿಲ್ಲ ಎಂದರೆ ಹೇಗೆ?

2022ರ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡರು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಅವ್ವನನ್ನು ಆರು ತಿಂಗಳ ವೀಸಾದಲ್ಲಿ ಇಲ್ಲಿಗೆ ಕರೆಸಿಕೊಂಡೆ. ತಿಪಟೂರಿನ ಹತ್ತಿರದ ನಮ್ಮೂರಿನಿಂದ ಬೆಂಗಳೂರಿಗೆ ಬರುವುದೇ ಅವಳಿಗೆ ದೇಶಾಂತರ. ಬಂದವಳ ಸೂಟ್‌ಕೇಸಿನಲ್ಲಿ ಎರಡು ಸೀರೆಯ ನಡುವೆ ಐದು ಕಿಲೋ ರಾಗಿಹಿಟ್ಟು. ಬಾಗಿಲಲ್ಲಿ ಪೆಪ್ಪರ್ ನಿಂತಿದ್ದ. "ನಾಯಿ ಒಳಗೈತಲ್ಲೇ" ಅಂದಳು. ಊರಲ್ಲೂ ನಮ್ಮ ಮನೆಗೆ ನಾಯಿ ಇದ್ದೇ ಇತ್ತು. ಆದರೆ ಅದರ ಲೋಕ ಜಗಲಿಗೆ ಮುಗಿಯುತ್ತಿತ್ತು. ಹೊಸ್ತಿಲು ದಾಟಬಾರದು ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ, ಅದಕ್ಕೇ ಗೊತ್ತಿತ್ತು. ಅದರ ಊಟ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಬಾಗಿಲಲ್ಲಿ ಕಾದಿರುವ ಜೀವಕ್ಕೆ ಒಂದು ತುತ್ತು ಹಾಕದೆ ಅವ್ವ ಗಂಗಳಕ್ಕೆ ಕೈ ಇಟ್ಟವಳಲ್ಲ.

ಒಂದು ವಾರ ಇಬ್ಬರೂ ದೂರ ದೂರ. ಅವ್ವ ಸೋಫಾದ ಈ ತುದಿ, ಇವನು ಆ ತುದಿ. ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ. "ಪೆಪ್ಪರ್ ಅಂದ್ರೇನು?" ಎಂದು ಕೇಳಿದಳು. ಮೆಣಸು ಅಂದೆ. ಮಾರನೆಯ ದಿನದಿಂದ ಅವನು ಮೆಣಸಪ್ಪ ಆದ. ನಾವು ಮೂವರೂ ಕೆಲಸಕ್ಕೆ, ಶಾಲೆಗೆ ಹೊರಟುಹೋದ ಮೇಲೆ ಆ ಮನೆಯಲ್ಲಿ ಕನ್ನಡ ಕೇಳಿಸಿಕೊಳ್ಳಲು ಇದ್ದವನು ಅವನೊಬ್ಬನೇ. ಟೆರಿಯರ್‌ಗೆ ಒಂದು ಗುಣವಿದೆ. ಯಾರಾದರೂ ಮಾತಾಡಿದರೆ ತಲೆಯನ್ನು ಓರೆ ಮಾಡಿ ಪೂರ್ತಿ ಕೇಳಿಸಿಕೊಳ್ಳುತ್ತದೆ, ಪಾಲಿಸುವ ಉದ್ದೇಶ ಇರಲಿ ಇಲ್ಲದಿರಲಿ. ಒಂದು ದಿನ ಕಚೇರಿಯಿಂದ ಬೇಗ ಬಂದಾಗ ಅಡಿಗೆಮನೆಯಿಂದ ಅವ್ವನ ದನಿ ಕೇಳಿಸಿತು. ಅಪ್ಪನ ಕೊನೆಯ ವಾರದ ಕಥೆ. ತುಮಕೂರಿನ ಆಸ್ಪತ್ರೆಯಲ್ಲಿ ರಾತ್ರಿ ಬೆಂಚಿನ ಮೇಲೆ ಮಲಗಿದ್ದು, ಪಕ್ಕದ ಹಾಸಿಗೆಯವರು ಕಾಫಿ ಕೊಟ್ಟಿದ್ದು, ಅಪ್ಪ ಕೊನೆಯಲ್ಲಿ ಕೇಳಿದ್ದು ಏನು ಎಂಬುದು. ನನಗೆ ಅವಳು ಅದನ್ನು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಚಪ್ಪಲಿ ಬಿಟ್ಟ ಸದ್ದು ಮಾಡದೆ ಸ್ವಲ್ಪ ಹೊತ್ತು ಹಜಾರದಲ್ಲೇ ನಿಂತಿದ್ದು, ಮತ್ತೆ ಹೊರಗೆ ಹೋಗಿ ಬಾಗಿಲನ್ನು ಜೋರಾಗಿ ತೆಗೆದುಕೊಂಡು ಬಂದೆ.

ಸಂಜೆ ಅವರಿಬ್ಬರೂ ಮಗಳ ಜೊತೆ ಟೌನ್ ಮೂರ್‌ಗೆ ಹೋಗುತ್ತಿದ್ದರು. ನ್ಯೂಕ್ಯಾಸಲ್ ನಗರದ ನಡುಮಧ್ಯದ ದೊಡ್ಡ ಬಯಲು ಅದು. ಊರಿನ ಹಳೆಯ ಹಕ್ಕುದಾರರಿಗೆ ಅಲ್ಲಿ ದನ ಮೇಯಿಸುವ ಹಕ್ಕಿದೆ, ಬೇಸಿಗೆಯ ತಿಂಗಳುಗಳಲ್ಲಿ ನಿಜವಾಗಿಯೂ ದನ ಮೇಯುತ್ತವೆ. ಬಸ್ಸು, ವಿಶ್ವವಿದ್ಯಾಲಯ, ಆಸ್ಪತ್ರೆ, ಅದರ ಪಕ್ಕದಲ್ಲೇ ದನ. ಇಂಗ್ಲೆಂಡಿನಲ್ಲಿ ಅವ್ವನಿಗೆ ಅರ್ಥವಾದ ಮೊದಲ ಜಾಗ ಅದು. ಮೆಣಸಪ್ಪನ ಬೆಲ್ಟನ್ನು ಬಿಗಿಯಾಗಿ ಹಿಡಿದು, "ಗುಮ್ಮುತ್ತೆ ಕಣೋ, ಬಾ ಇತ್ಲಾಗೆ" ಎಂದು ಎಳೆಯುತ್ತಿದ್ದಳು. ಅವನೋ ಮೊಲದ ಬಿಲ ಎಲ್ಲಾದರೂ ಸಿಕ್ಕೀತೇ ಎಂದು ಮೂಗನ್ನು ನೆಲಕ್ಕೆ ಉಜ್ಜಿಕೊಂಡೇ ನಡೆಯುತ್ತಿದ್ದ. ಒಮ್ಮೆ ಪೊದೆಯ ಕೆಳಗಿನ ಬಿಲಕ್ಕೆ ಅರ್ಧ ಮೈ ತೂರಿಸಿಯೇಬಿಟ್ಟ. ಬಾಲ ಮಾತ್ರ ಹೊರಗೆ. ಮಗಳು ಅಳತೊಡಗಿದಳಂತೆ. ಅವ್ವ ಮಂಡಿಯೂರಿ, ಒಳಗೆ ಕೈ ಹಾಕಿ, ಮುಂಗಾಲಿನ ಹಿಂದೆ ಎರಡೂ ಕೈ ಬಳಸಿ, ಆಡಿನ ಮರಿ ಎತ್ತುವ ಹಾಗೆ ಎತ್ತಿಕೊಂಡಳಂತೆ. ರಾತ್‌ಬರಿಯ ಆ ಹೆಂಗಸು ತೋರಿಸಿದ ಹಿಡಿತವೇ. ಅವ್ವನಿಗೆ ಯಾರೂ ತೋರಿಸಿರಲಿಲ್ಲ.

ಜೂನ್ ಕೊನೆಯಲ್ಲಿ ಒಂದು ರಾತ್ರಿ, ಊಟ ಆದ ಮೇಲೆ, ಮೆಣಸಪ್ಪ ಅಡಿಗೆಮನೆಯಿಂದ ನಡೆದು ಬರುತ್ತಿದ್ದವನು ನಿಂತುಬಿಟ್ಟ. ಹಿಂಗಾಲೊಂದು ಹೊಟ್ಟೆಗೆ ಮಡಚಿಕೊಂಡಿತು. ಬೆನ್ನು ಬಿಲ್ಲಾಯಿತು. ಮೈಯೆಲ್ಲ ನಡುಕ. ಮುಂದಕ್ಕೆ ಹೆಜ್ಜೆ ಇಡಲು ಹೋದರೆ ಪಕ್ಕಕ್ಕೆ ವಾಲುತ್ತಾನೆ. ಮೂರ್ಛೆಯಲ್ಲ, ಕಣ್ಣು ನಮ್ಮನ್ನೇ ನೋಡುತ್ತಿತ್ತು, ಹೆಸರು ಕರೆದರೆ ಕಿವಿ ಅಲುಗುತ್ತಿತ್ತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಎಚ್ಚರವಿದ್ದೂ ತನ್ನ ಮೈ ತನ್ನ ಮಾತು ಕೇಳದ ಪ್ರಾಣಿಯ ಕಣ್ಣು. ಗಂಡ ಫೋನಿನಲ್ಲಿ ವಿಡಿಯೋ ಮಾಡಿದ, ಡಾಕ್ಟರಿಗೆ ತೋರಿಸಲು. ಹತ್ತು ನಿಮಿಷವಾದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ನೀರು ಕುಡಿದ.

ನಾನು ಅವನಿಗೇನು ಕೊಟ್ಟೆ ಎಂದು ಎಲ್ಲರನ್ನೂ ಕೇಳಿದೆ. ಅವ್ವ, "ಚಪಾತಿ" ಅಂದಳು. ದಿನಾನೂ? "ದಿನಾ ರಾತ್ರಿ ಒಂದು. ಬೆಳಿಗ್ಗೆ ಅರ್ಧ. ಬಾಗಿಲಲ್ಲಿ ಕಾದಿರ್ತಾನೆ, ಹಾಕ್ದೆ ಹೆಂಗೆ ಉಣ್ಣದು?"

ಬೇಡವೆಂದು ನಾನು ಎರಡು ಸಲ ಹೇಳಿದ್ದೆ. ಆ ಸಿಟ್ಟಿಗೆ ಹೆದರಿಕೆಯೂ ಸೇರಿತು. "ಊರಲ್ಲಿ ಮಾಡಿದ ಹಾಗೆ ಇಲ್ಲಿ ಮಾಡ್ಬೇಡ ಅಂತ ಎಷ್ಟು ಸಲ ಹೇಳ್ಲಿ? ಹಾಕಿ ಹಾಕಿ ಕೊಂದುಬಿಡ್ತೀಯ" ಅಂದೆ. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. "ಅಪ್ಪನಿಗೂ ಹಿಂಗೇ ಮಾಡ್ದೆ" ಅಂದೆ.

ಅಪ್ಪನಿಗೆ ಹಬ್ಬದ ದಿನ ಯಾರಿಗೂ ಕಾಣದಂತೆ ಅವ್ವ ಅರ್ಧ ಒಬ್ಬಟ್ಟು ಕೊಡುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಅದನ್ನು ನಾವು ನಗುತ್ತಾ ಆಡಿಕೊಳ್ಳುತ್ತಿದ್ದೆವು. ಆ ರಾತ್ರಿ ಯಾರೂ ನಗಲಿಲ್ಲ. ಅವ್ವ ಏನೂ ಅನ್ನದೆ ತಟ್ಟೆಗಳನ್ನು ಎತ್ತಿ ಸಿಂಕಿಗೆ ಹಾಕಿ, ಒಂದೊಂದಾಗಿ ತೊಳೆದು, ಒರೆಸಿ, ಮಲಗಲು ಹೋದಳು. ಮೆಣಸಪ್ಪ ಅವಳ ಹಿಂದೆ ಹೋದ. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅವನು ಹೊರಗೇ ಉಳಿದ. ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿದ.

ಎರಡು ದಿನದ ಮೇಲೆ ವೆಟ್ ವಿಡಿಯೋ ನೋಡಿದ ಕೂಡಲೇ ತಲೆಯಾಡಿಸಿದಳು. ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. ಬಾರ್ಡರ್ ಟೆರಿಯರ್‌ಗಳಲ್ಲಿ ಇದು ಅಪರೂಪವಲ್ಲ, ಸ್ನಾಯು ಸೆಟೆದುಕೊಳ್ಳುವ ಒಂದು ತೊಂದರೆ, ಸ್ಪೈಕ್ಸ್ ಡಿಸೀಸ್ ಎಂದೂ ಕರೆಯುತ್ತಾರೆ ಎಂದು ವಿವರಿಸಿದಳು. ಅಪಸ್ಮಾರದಂತೆ ಕಂಡರೂ ಪ್ರಜ್ಞೆ ತಪ್ಪುವುದಿಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್‌ಗೂ ಇದಕ್ಕೂ ನಂಟಿದೆ, ಅದನ್ನು ಪೂರ್ತಿ ಬಿಡಿಸಿದ ನಾಯಿಗಳು ಸುಧಾರಿಸಿದವು ಎಂದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಆದರೆ ಒಂದು ವಾರದಲ್ಲಿ ಗೊತ್ತಾಗುವುದಲ್ಲ, ತಿಂಗಳುಗಳೇ ಬೇಕು, ಒಂದು ಚೂರೂ ಒಳಗೆ ಹೋಗಬಾರದು ಅಂದಳು. ನಾನು ಚಪಾತಿಯ ವಿಷಯ ಹೇಳಿದೆ. ಅಮ್ಮ ಊರಿಂದ ಬಂದಿದ್ದಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂಬ ಧಾಟಿಯಲ್ಲಿ. ಅವಳು ಕೇಳಿಸಿಕೊಂಡು, "ಅದನ್ನು ನಿಲ್ಲಿಸಿ. ಉಳಿದ ಹೊತ್ತು ಏನು ತಿನ್ನುತ್ತಾನೆ?" ಎಂದು ಕೇಳಿದಳು. ನಾವು ಕೊಡುವ ಒಣ ಆಹಾರದ ಹೆಸರು ಹೇಳಿದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿರುವ ಪದಾರ್ಥಗಳ ಪಟ್ಟಿಯಲ್ಲಿ ಮೊದಲನೆಯದೇ ಗೋಧಿ.

ಎರಡು ವರ್ಷದಿಂದ, ದಿನಕ್ಕೆರಡು ಹೊತ್ತು, ಅಳತೆಯ ಲೋಟದಲ್ಲಿ ಅಳೆದು ಹಾಕುತ್ತಿದ್ದವಳು ನಾನೇ. ಬೆಳಗಿನ ಟೋಸ್ಟಿನ ಅಂಚು, ಚಹಾದ ಜೊತೆಯ ಬಿಸ್ಕೆಟ್ಟಿನ ಚೂರು, ಅವೂ ನನ್ನವೇ. ಆಗ ನೆನಪಾಯಿತು, ಅವ್ವ ಬರುವ ಮುಂಚೆ, ಫೆಬ್ರವರಿಯ ಒಂದು ಬೆಳಿಗ್ಗೆ, ಇವನು ಇದೇ ಥರ ಒಂದೆರಡು ನಿಮಿಷ ಕಾಲು ಮಡಚಿಕೊಂಡು ನಡುಗಿದ್ದ. ಚಳಿ ಎಂದುಕೊಂಡು ಒಂದು ಸ್ವೆಟರ್ ಹಾಕಿ ಕೆಲಸಕ್ಕೆ ಹೋಗಿದ್ದೆ. ಮನೆಗೆ ಬಂದು ಗ್ಯಾಸಿನ ಬಿಲ್ಲುಗಳ ಫೈಲು ತೆಗೆದೆ. ನಾಲ್ಕು ಪುಟಗಳ ಕಾಗದದ ಮೂರನೆಯ ಪುಟದಲ್ಲಿ ಈ ಕಾಯಿಲೆಯ ಹೆಸರು, ಲಕ್ಷಣ, ಗೋಧಿ ಬೇಡವೆಂಬ ಸೂಚನೆ, ಮೂರೂ ಸಾಲು ಸಾಲಾಗಿ ಇದ್ದವು.

ಮನೆಯಲ್ಲಿ ನಾನು ಹೇಳಿದ್ದು, "ಗೋಧಿ ಆಗಲ್ವಂತೆ. ಚಪಾತಿ ಕೊಡ್ಬೇಡ" ಎಂದಷ್ಟೇ. ಹಳೆಯ ಚೀಲವನ್ನು ಕಸದ ಡಬ್ಬಿಗೆ ಹಾಕಿ, ಹೊಸದನ್ನು ತಂದಿಟ್ಟೆ. ಯಾಕೆ ಬದಲಾಯಿಸಿದೆ ಎಂದು ಅವ್ವ ಕೇಳಲಿಲ್ಲ, ನಾನು ಹೇಳಲಿಲ್ಲ.

ಆಮೇಲಿನ ಹತ್ತು ದಿನ ಅವ್ವ ಅವನಿಗೆ ಏನನ್ನೂ ಹಾಕಲಿಲ್ಲ. ತಾನೂ ನಿಂತುಕೊಂಡೇ ಎರಡು ತುತ್ತು ಉಂಡು ಮುಗಿಸುತ್ತಿದ್ದಳು. ಅವನು ಅಡಿಗೆಮನೆಯ ಬಾಗಿಲಲ್ಲಿ ಎಂದಿನಂತೆ ಕೂತು ನೋಡುತ್ತಿದ್ದ. ಟೆರಿಯರ್‌ಗೆ ನಿರಾಶೆ ಎಂಬುದು ಗೊತ್ತಿಲ್ಲ, ಬಿಲದ ಬಾಯಲ್ಲಿ ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಹನ್ನೊಂದನೆಯ ದಿನ ಅವ್ವ ಮಗಳನ್ನು ಕರೆದು ತನ್ನ ಮುರುಕು ಇಂಗ್ಲಿಷಿನಲ್ಲೂ ಅವಳ ಮುರುಕು ಕನ್ನಡದಲ್ಲೂ ಏನೋ ಮಾತಾಡಿದಳು. ಮಗಳು ಬಂದು, "ಅಜ್ಜಿ ಕೇಳ್ತಿದ್ದಾರೆ, ರಾಗಿಯಲ್ಲಿ ಆ ಗ್ಲುಟೆನ್ ಇದೆಯಾ ಅಂತ" ಅಂದಳು.

ವೆಟ್‌ಗೆ ಫೋನ್ ಮಾಡಿದೆ. ರಾಗಿ ಎಂದರೇನೆಂದು ಅವಳಿಗೆ ತಿಳಿಸುವುದೇ ಒಂದು ಕೆಲಸವಾಯಿತು. ಹುಡುಕಿ ನೋಡಿ, ಗ್ಲುಟೆನ್ ಇಲ್ಲ, ಸ್ವಲ್ಪ ಕೊಡಬಹುದು, ಉಪ್ಪು ಬೇಡ, ಈರುಳ್ಳಿ ಬೆಳ್ಳುಳ್ಳಿ ದ್ರಾಕ್ಷಿ ಮಾತ್ರ ಯಾವ ಕಾರಣಕ್ಕೂ ಕೂಡದು, ಅವು ನಾಯಿಗೆ ವಿಷ ಅಂದಳು. ಆ ಸಂಜೆ ಅವ್ವ ಸಣ್ಣ ಪಾತ್ರೆಯಲ್ಲಿ ಉಪ್ಪಿಲ್ಲದ ಎಸರಿಟ್ಟು, ಹಿಟ್ಟು ಸುರಿದು, ಮುದ್ದೆಕೋಲು ಇಲ್ಲದ್ದರಿಂದ ಮರದ ಸೌಟಿನ ಹಿಡಿಯಲ್ಲೇ ತಿರುವಿ, ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ ಕಟ್ಟಿದಳು. ಆರಿಸಿ, ತುತ್ತು ಮುರಿದು ಹಾಕಿದಳು. ಮೆಣಸಪ್ಪ ಅಗಿಯಲಿಲ್ಲ. ಗುಳುಂ ಎಂದು ನುಂಗಿದ. "ನೋಡು, ಈ ಮನೇಲಿ ಮುದ್ದೆ ಉಣ್ಣಕ್ಕೆ ಬರೋದು ಇವನೊಬ್ಬನಿಗೇ" ಎಂದು ಅವ್ವ ಮಗಳಿಗೆ ಹೇಳಿದಳು. ಮಗಳು ಮುದ್ದೆಯನ್ನು ಚ್ಯೂಯಿಂಗ್ ಗಮ್ಮಿನ ಹಾಗೆ ಅಗಿಯುವವಳು. ಅವಳಿಗೂ ಛಲ ಬಂತು. ಆ ತಿಂಗಳಲ್ಲಿ ಇಬ್ಬರೂ ಸ್ಪರ್ಧೆಗೆ ಬಿದ್ದು ನುಂಗಿದರು. ಐದು ಕಿಲೋ ಹಿಟ್ಟು ಮುಗಿದು, ವೆಸ್ಟ್ ರೋಡಿನ ಅಂಗಡಿಗಳಲ್ಲಿ ಹುಡುಕಿ ತಂದೆವು. ಅವ್ವ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ನುಣುಪು ಸಾಲದು ಅಂದಳು.

ಜುಲೈಯಲ್ಲಿ ಒಂದು ಸಲ, ಆಗಸ್ಟಿನಲ್ಲಿ ಒಂದು ಸಲ, ಮತ್ತೆ ಸೆಟೆದುಕೊಂಡ. ಮೊದಲಿಗಿಂತ ಕಡಿಮೆ ಹೊತ್ತು. ಎರಡೂ ಸಲ ಅವ್ವನೇ ನೆಲದ ಮೇಲೆ ಕೂತು, ಎದೆಯ ಸುತ್ತ ಎರಡು ಕೈ ಬಳಸಿ ಬೀಳದಂತೆ ಹಿಡಿದುಕೊಂಡಿದ್ದಳು. ನಾನು ಗಡಿಯಾರ ನೋಡಿ ಡೈರಿಯಲ್ಲಿ ನಿಮಿಷ ಬರೆಯುತ್ತಿದ್ದೆ. ಅಂಥ ಹೊತ್ತಿನಲ್ಲಿ ನಾನು ಹೇಳಬಹುದಾಗಿತ್ತು. ಹೇಳಲು ಬಾಯಿ ತೆರೆದದ್ದೂ ಉಂಟು. ಅಕ್ಟೋಬರ್ ಮೊದಲ ವಾರ ವೀಸಾ ಮುಗಿಯುವ ಮುಂಚೆ ಅವಳು ಊರಿಗೆ ಹೊರಟಳು. ವಿಮಾನ ನಿಲ್ದಾಣಕ್ಕೆ ಹೋಗುವ ಮುಂಚೆ ಹೊಸ್ತಿಲಲ್ಲಿ ನಿಂತು, "ತಪ್ಪದೆ ಹಾಕು ಇವನಿಗೆ" ಅಂದಳು. ಮೆಣಸಪ್ಪ ಒಂದು ವಾರ ಅವಳ ಕೋಣೆಯ ಬಾಗಿಲನ್ನು ಕೆರೆದ. ಬಣ್ಣ ಕಿತ್ತು ಮರ ಕಾಣಿಸಿತು. ಗಂಡ ಬಣ್ಣ ಬಳಿಯಲು ಹೊರಟಾಗ, ಇರಲಿ ಬಿಡು ಅಂದೆ.

ಆಗಸ್ಟಿನ ಆ ಸಲದ ನಂತರ ಡೈರಿಯಲ್ಲಿ ಬರೆಯಲು ಏನೂ ಬರಲಿಲ್ಲ. ಅಕ್ಟೋಬರ್, ನವೆಂಬರ್, ಕತ್ತಲ ಡಿಸೆಂಬರ್. ಅಪ್ಪನ ವರ್ಷದ ಕಾರ್ಯಕ್ಕೆ ನಾನು ಹೋಗಲಾಗಲಿಲ್ಲ. ಫೆಬ್ರವರಿಯಲ್ಲಿ ವೆಟ್, ಇದೇ ಆಹಾರ ಮುಂದುವರಿಸಿ, ಚೆನ್ನಾಗಿದ್ದಾನೆ ಎಂದ ದಿನ ರಾತ್ರಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಅವಳು ಜಗಲಿಯಲ್ಲಿ ಕೂತಿದ್ದಳು. ಹಿಂದೆ ತೆಂಗಿನ ಗರಿ, ಯಾವುದೋ ಕೋಳಿಯ ಕೂಗು. ಸುದ್ದಿ ಹೇಳಿದೆ. ಆಮೇಲೆ, ನಿಲ್ಲಿಸಿದರೆ ಮತ್ತೆ ಆಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ, ಚಪಾತಿ ಒಂದರಿಂದಲೇ ಆಗಿದ್ದಲ್ಲ, ನಾನು ದಿನಾ ಹಾಕುತ್ತಿದ್ದ ಚೀಲದಲ್ಲೇ ಗೋಧಿ ಇತ್ತು, ನೀನು ಬರುವ ಮುಂಚೆಯೇ ಒಂದು ಸಲ ಆಗಿತ್ತು, ನಾನೇ ನೋಡಿಕೊಳ್ಳಲಿಲ್ಲ ಎಂದು ಎಲ್ಲವನ್ನೂ ಹೇಳಿದೆ.

ಅವ್ವ ಎಲೆಯಡಿಕೆ ಮಡಚುತ್ತಿದ್ದಳು. ಮಡಚುವುದು ನಿಲ್ಲಲಿಲ್ಲ.

"ಗೊತ್ತಿತ್ತು ಕಣವ್ವ" ಅಂದಳು. "ಆ ಚೀಲದ ಮೇಲೆ ಗೋಧಿ ತೆನೆ ಚಿತ್ರ ಇತ್ತಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನೇ ಎಸೆದ್ಯಲ್ಲ, ಇನ್ನೇನು ಹೇಳೋದು."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಅವ್ವ, ಅವತ್ತು ಅಪ್ಪನ ವಿಷಯ ನಾನು..." ಎಂದು ಶುರು ಮಾಡಿದೆ.

"ಮೆಣಸಪ್ಪನ್ನ ತೋರ್ಸು" ಅಂದಳು.

ಸೋಫಾದ ಮೇಲೆ ಮಲಗಿದ್ದವನ ಮುಂದೆ ಫೋನ್ ಹಿಡಿದೆ. "ಏಯ್ ಮೆಣಸಪ್ಪ, ಉಂಡೇನೋ?" ಎಂದು ಅವ್ವ ಕೂಗಿದಳು. ಅವನು ಧಡಕ್ಕನೆ ಎದ್ದ. ತಲೆ ಓರೆ ಮಾಡಿದ. ಪರದೆಯನ್ನು ನೋಡಲಿಲ್ಲ, ಪರದೆಯಲ್ಲಿ ವಾಸನೆಯಿರಲಿಲ್ಲ. ಫೋನಿನ ಹಿಂದೆ ಹೋಗಿ ಮೂಸಿದ, ನನ್ನ ಕಂಕುಳ ಕೆಳಗೆ ಮೂಗು ತೂರಿಸಿದ, ಸೋಫಾದ ಆ ತುದಿಗೆ, ಅವ್ವ ಕೂರುತ್ತಿದ್ದ ಜಾಗಕ್ಕೆ ಹೋಗಿ ನಿಂತ. ದನಿ ಮತ್ತೆ ಬಂತು. ಅವನು ಮುಂಗಾಲೆರಡನ್ನೂ ಊರಿ, ದಿಂಬಿನ ಸಂದಿನಲ್ಲಿ ಅಗೆಯಲು ಶುರು ಮಾಡಿದ.